ಸೇವಂತಿಯ ಕಪಾಟಿನ ಇಪ್ಪತ್ತೈದು ಗುಂಡು

ಮುಂಬಯಿಯ ಕಾಂದಿವಲಿಯಲ್ಲಿರುವ ಅಣ್ಣು ಶೆಟ್ಟಿಯ ಮನೆಯಲ್ಲಿ ರಿವಾಲ್ವರ್ ಗಂಡನದು, ಗುಂಡು ಹೆಂಡತಿಯದು. ಇಪ್ಪತ್ತೆಂಟು ವರ್ಷದಿಂದ ನಡೆದುಕೊಂಡು ಬಂದ ಏರ್ಪಾಡು ಅದು. ಅಣ್ಣುವನ್ನೂ ಸೇವಂತಿಯನ್ನೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ.

ತೊಂಬತ್ತಾರರಲ್ಲಿ ಸ್ಟೇಷನ್ ಹತ್ತಿರದ ಅವರ ಹೋಟೆಲಿಗೆ ಹಫ್ತಾ ಕೇಳುವ ಫೋನುಗಳು ಬರತೊಡಗಿದ್ದವು. ಕೊಡದಿದ್ದರೆ ಗಲ್ಲಾದ ಮೇಲೇ ಮಲಗಿಸುತ್ತೇವೆ ಎಂದು ಒಬ್ಬ ಹಿಂದಿಯಲ್ಲಿ ಗದರುತ್ತಿದ್ದ. ಅಣ್ಣು ಕಂಡಕಂಡವರ ಕೈಕಾಲು ಹಿಡಿದು ಲೈಸೆನ್ಸ್ ಮಾಡಿಸಿದ. ಅಂಗೈಗಿಂತ ಸ್ವಲ್ಪ ದೊಡ್ಡದಾದ ರಿವಾಲ್ವರ್, ಜೊತೆಗೆ ಇಪ್ಪತ್ತೈದು ಗುಂಡು ಮನೆಗೆ ಬಂದವು. ಸೇವಂತಿ ಅವತ್ತೇ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು.

"ಎರಡೂ ನಿಮ್ಮ ಕೈಯಲ್ಲಿ ಬೇಡ. ಅದು ನಿಮ್ಮತ್ರ ಇರ್ಲಿ, ಗುಂಡು ನನ್ನತ್ರ. ಆಗುದಿಲ್ಲಾಂದ್ರೆ ನಾಳೆಯೇ ಊರಿನ ಬಸ್ಸು ಹತ್ತುತ್ತೇನೆ."

ಅವಳ ಹೆದರಿಕೆ ರೌಡಿಗಳದ್ದಲ್ಲ, ಗಂಡನ ಸಿಟ್ಟಿನದ್ದು. ಅಣ್ಣು ಕೆಟ್ಟವನಲ್ಲ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯವನ ಮೇಲೆ ಬಿಸಿ ಸೌಟು ಬೀಸಿ, ಅರ್ಧ ಗಂಟೆ ಕಳೆದು ತಾನೇ ಮುಲಾಮು ಹಚ್ಚಿದ ಮನುಷ್ಯ. ಆ ಅರ್ಧ ಗಂಟೆಯೊಳಗೆ ಏನಾದೀತು ಎಂಬುದೇ ಸೇವಂತಿಯ ಚಿಂತೆ. ಅಣ್ಣು ಗೊಣಗಿದ, ಒಪ್ಪಿದ. ಗುಂಡುಗಳು ಸಣ್ಣ ಸ್ಟೀಲ್ ಕರಡಿಗೆಯೊಳಗೆ ಸೇರಿದವು, ಕರಡಿಗೆ ಅವಳ ಕಪಾಟಿನೊಳಗೆ, ಕೀ ಅವಳ ಸೊಂಟದಲ್ಲಿ.

ಅಂದಿನಿಂದ ಅಣ್ಣು ಖಾಲಿ ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಲ್ಲಾದಲ್ಲಿ ಕೂರತೊಡಗಿದ. ಬೇಕಾದರೆ ಮನೆಯಿಂದ ಗುಂಡು ತರಿಸಿಕೊಂಡರಾಯಿತು ಎಂಬ ಧೈರ್ಯ. ಗುಂಡು ಬರುವ ತನಕ ರೌಡಿ ಚಾ ಕುಡಿಯುತ್ತಾ ಕಾಯುತ್ತಾನೆಯೇ ಎಂದು ಅವನನ್ನು ಕೇಳುವವರಿರಲಿಲ್ಲ. ಒಂದೆರಡು ವರ್ಷದಲ್ಲಿ ಫೋನುಗಳು ತಾವಾಗಿಯೇ ನಿಂತವು. ಅದೆಲ್ಲ ತನ್ನ ರಿವಾಲ್ವರಿನ ಪ್ರತಾಪ ಎಂದು ಅಣ್ಣು ನಂಬಿದ. ಅಂಗಿ ಅಷ್ಟು ಉಬ್ಬಿದ್ದರೇನೇ ಅವನಿಗೆ ನೆಟ್ಟಗೆ ನಡೆಯಲು ಬರುತ್ತಿತ್ತು.

ಎರಡು ಸಾವಿರದ ಆರರ ಒಂದು ಮಧ್ಯಾಹ್ನ ಅಣ್ಣುವಿನ ತಮ್ಮ ಕೊರಗ ಹೋಟೆಲಿಗೆ ಬಂದು ಪಾಲು ಕೇಳಿದ. ಮಾತಿಗೆ ಮಾತು ಬೆಳೆದು, ತುಂಬಿದ ಗಿರಾಕಿಗಳೆದುರು ಅಣ್ಣನನ್ನು ಕಳ್ಳ ಎಂದ. ಅಣ್ಣು ಗಲ್ಲಾದಿಂದ ಇಳಿದು ಮನೆಗೆ ಬಂದ. ಕೊರಗ ಹೋಟೆಲಿನಲ್ಲೇ ಫ್ಯಾನಿನಡಿ ಕೂತಿದ್ದ.

"ಕೀ ಕೊಡು."

ಸೇವಂತಿ ಅವನ ಮುಖ ನೋಡಿದಳು. ಹಿಂದೆ ಎಷ್ಟೋ ಸಲ ಕಂಡ ಸಿಟ್ಟು ಅದಾಗಿರಲಿಲ್ಲ. ಕೂಗಾಟ ಇರಲಿಲ್ಲ, ತುಟಿ ಬಿಳುಚಿತ್ತು. ಅವನು ಚಪ್ಪಲಿ ಬಿಡುವಷ್ಟರಲ್ಲಿ ಅವಳು ಒಳಗೆ ಹೋಗಿ ಕೀಯನ್ನು ದೋಸೆ ಹಿಟ್ಟಿನ ಪಾತ್ರೆಯೊಳಗೆ ಮುಳುಗಿಸಿ ಬಂದಿದ್ದಳು.

"ಕೀ ಕಳೆದುಹೋಗಿದೆ" ಎಂದಳು.

ಎರಡು ಏಟು ಬಿತ್ತು. ಸೇವಂತಿ ಕಪಾಟಿಗೆ ಬೆನ್ನು ಕೊಟ್ಟು ನಿಂತಳು. ಅಣ್ಣು ಅವಳನ್ನು ಎಳೆದ, ಕಪಾಟಿಗೆ ಒದ್ದ, ಕಬ್ಬಿಣ ಬಗ್ಗಲಿಲ್ಲ. ಕೊನೆಗೆ ನೆಲದ ಮೇಲೆ ಕುಸಿದು ನೀರು ಕೇಳಿದ. ಅಷ್ಟರಲ್ಲಿ ಕೊರಗ ಕಾದು ಕಾದು ಎದ್ದುಹೋಗಿದ್ದ. ಮರುದಿನ ಬೆಳಿಗ್ಗೆ ಅದೇ ಹಿಟ್ಟಿನ ದೋಸೆಯನ್ನು ಅಣ್ಣು ನಾಲ್ಕು ತಿಂದ. ಎರಡು ತಿಂಗಳಲ್ಲಿ ಹಿರಿಯರು ಕೂತು ಪಾಲು ಮಾಡಿಕೊಟ್ಟರು, ಕೊರಗ ಬೊರಿವಲಿಯಲ್ಲಿ ಬೇರೆ ಹೋಟೆಲು ಹಾಕಿದ.

ಆ ದೋಸೆಯ ದಿನವೇ ಸೇವಂತಿ ದೇವರ ಕೋಣೆಯ ಬಾಡಿದ ಹೂಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಅದರಡಿ ಇಪ್ಪತ್ತೈದು ಗುಂಡು ಹಾಕಿ, ವಿರಾರ್ ಲೋಕಲ್ ಹತ್ತಿದಳು. ಭಾಯಂದರ್ ದಾಟಿ ರೈಲು ಖಾಡಿಯ ಹಿನ್ನೀರಿನ ಸೇತುವೆ ಮೇಲೆ ಬಂದಾಗ ಹೆಂಗಸರು ಎಂದಿನಂತೆ ಬಾಗಿಲಿಗೆ ಬಂದು ತಂತಮ್ಮ ಹೂವಿನ ಚೀಲ ನೀರಿಗೆಸೆದು ಕೈ ಮುಗಿದರು. ಸೇವಂತಿಯೂ ಎಸೆದಳು, ಕೈ ಮುಗಿದಳು. "ಕಿತನಾ ಭಾರಿ ಥಾ" ಎಂದು ಚೀಲದ ಭಾರ ಕಂಡು ಪಕ್ಕದವಳು ನಕ್ಕಳು. ಸೇವಂತಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಕಾಂದಿವಲಿಗೆ ಮರಳುವ ರೈಲು ಹತ್ತಿದಳು.

ಗಂಡ ತಣ್ಣಗಿರುವಾಗ ಹೇಳಿದರಾಯಿತು ಅಂದುಕೊಂಡಳು. ಅಂಥ ದಿನ ಬರಲೇ ಇಲ್ಲ, ಅಥವಾ ಬಂದಾಗ ಅದನ್ನು ಕೆಡಿಸುವ ಮನಸ್ಸಾಗಲಿಲ್ಲ. ಕರಡಿಗೆ ಅಲುಗಿದರೆ ಸದ್ದಾಗಲೆಂದು ಟಿವಿ ರಿಮೋಟಿನ ಮುಗಿದ ಪೆನ್ಸಿಲ್ ಸೆಲ್‌ಗಳನ್ನು ತುಂಬಿಸಿಟ್ಟಳು. ಚುನಾವಣೆ ಬಂದಾಗಲೆಲ್ಲ ನಿಯಮದಂತೆ ರಿವಾಲ್ವರನ್ನು ಠಾಣೆಯಲ್ಲಿ ಒಪ್ಪಿಸಿಡಬೇಕಿತ್ತು. ಗುಂಡು ಮನೆಯಲ್ಲಿದೆ ಎಂದರೆ ಪೊಲೀಸರು ಬರೆದುಕೊಂಡು ಬಿಡುತ್ತಿದ್ದರು. ಹೀಗೆ ಹದಿನೆಂಟು ವರ್ಷ ದಾಟಿತು.

ಈಗ ಅಣ್ಣುವಿಗೆ ಎಪ್ಪತ್ತಮೂರು. ಕೈ ನಡುಗುತ್ತದೆ. ಇನ್ನು ಇದು ಬೇಡ, ಸರಕಾರಕ್ಕೆ ಒಪ್ಪಿಸಿಬಿಡುತ್ತೇನೆ ಎಂದು ಅರ್ಜಿ ಕೊಟ್ಟ. ಠಾಣೆಗೆ ಹೊಸದಾಗಿ ಬಂದ ಅಧಿಕಾರಿ ಸೋಮವಾರ ಹನ್ನೊಂದಕ್ಕೆ ಬರಹೇಳಿದ. ರಿವಾಲ್ವರ್, ಲೈಸೆನ್ಸ್, ಜೊತೆಗೆ ಇಪ್ಪತ್ತೈದು ಗುಂಡು ತರಬೇಕು, ತಾನೇ ಎಣಿಸಿ ನೋಡುತ್ತೇನೆ ಎಂದ.

ಗುಂಡಿಗೆ ಲೆಕ್ಕ ಕೊಡದಿದ್ದರೆ ಕೇಸು. ಈ ವಯಸ್ಸಿನಲ್ಲಿ ಕೋರ್ಟು, ಯಾರಿಗೆ ಗೊತ್ತು, ಜೈಲೂ ಇರಬಹುದು. ಸೇವಂತಿಗೆ ಅದರ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಹದಿನೆಂಟು ವರ್ಷ ಬರೀ ಕಬ್ಬಿಣದ ತುಂಡು ಹೊತ್ತುಕೊಂಡು ಎದೆಯುಬ್ಬಿಸಿ ತಿರುಗಿದಿರಿ ಎಂದು ಗಂಡನಿಗೆ ಹೇಳುವುದು ಹೇಗೆ?

ಸೋಮವಾರ ಕರಡಿಗೆ ತೆಗೆದುಕೊಟ್ಟಳು. ಅಣ್ಣು ಅಲುಗಿಸಿದ, ಗಲಗಲ ಎಂದಿತು.

"ನಾನೂ ಬರ್ತೇನೆ" ಎಂದಳು.

"ನಿನಗೆಂತ ಕೆಲಸ ಅಲ್ಲಿ ಮಾರಾಯ್ತಿ?"

"ಬರ್ತೇನೆ ಅಂದ್ರೆ ಬರ್ತೇನೆ."

ರಿಕ್ಷಾದಲ್ಲಿ ಮೂರು ಸಲ ಬಾಯಿ ತೆರೆದಳು, ಮೂರು ಸಲವೂ ದಾರಿಯ ಟ್ರಾಫಿಕ್ಕಿನ ಮಾತು ತೆಗೆದಳು. ಠಾಣೆಯ ಬೆಂಚಿನ ಮೇಲೆ ಕೂತಾಗ ಅವರ ಮುಂದೆ ಒಬ್ಬನೇ ಇದ್ದ. ಅವನೂ ಎದ್ದು ಒಳಗೆ ಹೋದ. ಇನ್ನು ತಮ್ಮದೇ ಸರದಿ.

"ಹೋಯ್, ಕೇಳಿ. ಅದ್ರಲ್ಲಿ ಗುಂಡಿಲ್ಲ. ನಾನು ಖಾಡಿಗೆ ಎಸೆದೆ."

ಅಣ್ಣು ತಿರುಗಿ ನೋಡಿದ. ಕರಡಿಗೆಯ ಮುಚ್ಚಳ ತೆಗೆದ. ಸೆಲ್‌ಗಳನ್ನು ನೋಡಿದ. ಕತ್ತಿನ ನರ ಎದ್ದು ನಿಂತಿತು. ಸೇವಂತಿ ಕಣ್ಣು ಮುಚ್ಚಿಕೊಂಡಳು, ಠಾಣೆಯಲ್ಲೇ ಕೈ ಎತ್ತಿದರೂ ಎತ್ತಿಯಾನು.

"ಯಾವಾಗ?"

"ಕೊರಗ ಪಾಲು ಕೇಳಿದ್ದಲ್ಲ, ಅದರ ಮರುದಿನ."

ಅಣ್ಣು ಮುಚ್ಚಳ ಹಾಕಲು ಹೋದ, ಅದು ಕೂರಲಿಲ್ಲ. ಒಳಗಿನಿಂದ ಕರೆ ಬಂತು.

ಅಧಿಕಾರಿ ಕರಡಿಗೆಯನ್ನು ಮೇಜಿನ ಮೇಲೆ ಸುರಿದ. ಸೆಲ್‌ಗಳು ಉರುಳಿದವು. ತಮಾಷೆಯೋ ತಲೆಹರಟೆಯೋ ಅವನಿಗೆ ತಿಳಿಯಲಿಲ್ಲ.

"ಗೋಲಿ ಕಹಾಂ ಹೈ?" ಗುಂಡು ಎಲ್ಲಿ ಎಂದು ಕೇಳಿದ.

"ನಾನು ಎಸೆದೆ, ಸಾಬ್" ಎಂದು ಸೇವಂತಿ ತನಗೆ ಬಂದ ಹಿಂದಿಯಲ್ಲಿ ಹೇಳಿದಳು. "ಅವ್ರಿಗೆ ಗೊತ್ತಿಲ್ಲ. ಈಗ ಹೊರಗೆ ಹೇಳಿದ್ದು."

"ಲೈಸೆನ್ಸ್ ಇವರದು. ಕೇಸು ಇವರ ಮೇಲೆಯೇ ಆಗುತ್ತದೆ" ಎಂದ ಅಧಿಕಾರಿ. ಕಾಗದ ಎಳೆದುಕೊಂಡ. "ಯಾಕೆ ಎಸೆದದ್ದು?"

ಸೇವಂತಿಗೆ ಉತ್ತರ ಗೊತ್ತಿತ್ತು. ಅದನ್ನು ಗಂಡನೆದುರು, ಪರರೆದುರು ಹೇಳಲು ನಾಲಿಗೆ ಹೊರಳಲಿಲ್ಲ. ಅವಳು ಉರುಳಿದ ಸೆಲ್‌ಗಳನ್ನು ಕರಡಿಗೆಗೆ ತುಂಬತೊಡಗಿದಳು.

"ನಾನು ಹೇಳ್ತೇನೆ, ಬರ್ಕೊಳ್ಳಿ" ಎಂದ ಅಣ್ಣು. "ಆವತ್ತು ಗುಂಡು ಸಿಕ್ಕಿದ್ರೆ ನನ್ನ ತಮ್ಮನನ್ನು ಕೊಲ್ಲುತ್ತಿದ್ದೆ. ಸಿಗದೆ ಇದ್ದದ್ದಕ್ಕೆ ಇವಳಿಗೆ ಹೊಡೆದೆ. ಅದನ್ನೂ ಬರೀರಿ. ಕೇಸು ನನ್ನ ಮೇಲೇ ಹಾಕಿ."

ಅಧಿಕಾರಿ ಪೆನ್ನು ನಿಲ್ಲಿಸಿ ಅವನನ್ನು ನೋಡಿದ. ಆಮೇಲೆ ಕೆಲಸದ ಧ್ವನಿಯಲ್ಲಿ ಕೇಳಿದ, ತಮ್ಮನ ಹೆಸರು? ಈಗ ಎಲ್ಲಿ?

"ಕೊರಗ ಶೆಟ್ಟಿ. ಬೊರಿವಲಿಯಲ್ಲಿ ಹೋಟೆಲಿದೆ. ಮೊನ್ನೆ ಮಗಳ ಮದುವೆ ಮಾಡಿದ." ಅಣ್ಣು ಹೆಂಡತಿಯ ಕಡೆ ತಿರುಗಿ, ಅಧಿಕಾರಿಗೆ ಹೇಳಬೇಕಾದ್ದನ್ನು ಅವಳಿಗೆ ಹೇಳಿದ.

"ಬದುಕಿದ್ದಾನೆ."