ಉಸ್ತಾದರಿಗೆ ಕೊಟ್ಟ ತಪ್ಪು ನಂಬರು

ನಮ್ಮ ಉಸ್ತಾದರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ವರ್ಷ ದೋಣಿಯ ಹುಟ್ಟಿಗೂ ನದಿಯ ಬಂಡೆಗೂ ನಡುವೆ ಸಿಕ್ಕಿ ಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಆ ಬೋಳು ಬೆರಳಿನಿಂದಲೇ ಅವರು ನಮ್ಮ ಲೈಫ್ ಜಾಕೀಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಬಿಗಿ ನೋಡುತ್ತಿದ್ದರು. ನಾವು ಉಸಿರು ಕಟ್ಟುತ್ತದೆಂದು ಗೊಣಗಿದರೆ ಅವರಿಗೆ ಸಮಾಧಾನ.

ಅವರ ಊರು ಕಲಬುರಗಿ ಹತ್ತಿರದ ಕಮಲಾಪುರ. ಬಿಸಿಲ ನಾಡಿನ ಈ ಮನುಷ್ಯ ಕಾಳಿ ನದಿಯ ಕಮರಿಗೆ ಹೋಗಿ ರಬ್ಬರ್ ದೋಣಿ ನಡೆಸುವುದನ್ನು ಕಲಿತಿದ್ದರು. ವರ್ಷಕ್ಕೆ ಎರಡು ಸಲ ಅವರು ಕಟ್ಟುತ್ತಿದ್ದ ತಂಡವೇ ಬೇರೆ: ಗಂಡಸರನ್ನು ಪ್ರೀತಿಸುವ ಗಂಡಸರದು, ನಮ್ಮಂಥ ಗೇಗಳದು. ಕಲಬುರಗಿ, ಬೀದರ್, ಸೊಲ್ಲಾಪುರಗಳಿಂದ ಎಂಟು ಹತ್ತು ಜನ. ಸುದ್ದಿ ಬಾಯಿಂದ ಬಾಯಿಗೆ. ಉಸ್ತಾದರೂ ನಮ್ಮವರೇ. ಮನೆಯಲ್ಲಿ ಮಾತ್ರ ಟೂರಿಸ್ಟ್ ಗಾಡಿಯ ಕೆಲಸ ಎಂದಷ್ಟೇ ಹೇಳಿದ್ದರು. ನಾನು ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಮದುವೆ ಮಾಡಿಕೋ ಎಂದು ದಿನಾ ಅಳುವ ಅವ್ವನಿಗೆ, ಫ್ರೇಮು ತರಲು ಹೋಗುತ್ತೇನೆಂದು ಸುಳ್ಳು ಹೇಳಿ ಹೊರಟಿದ್ದೆ.

ದೋಣಿಯಲ್ಲಿ ಉಸ್ತಾದರು ಕೂರುವುದು ಎಲ್ಲರ ಹಿಂದೆ. ಹೀಗಾಗಿ ನದಿಯ ಮೇಲೆ ಅವರ ಮುಖವನ್ನು ನಾವು ಕಂಡದ್ದೇ ಕಡಿಮೆ. ಬೆನ್ನ ಹಿಂದಿನಿಂದ ಒಡಕು ದನಿ ಬರುತ್ತಿತ್ತು: "ಮುಂದ ಹಾಕ್ರಿ... ಹಿಂದ ಹಾಕ್ರಿ... ಒಳಗ ಕುಂದ್ರಿ." ನನ್ನ ಕನ್ನಡಕಕ್ಕೆ ದಾರ ಕಟ್ಟಿದ್ದು ಕಂಡು, "ಇದನ್ನ ಕಟ್ಟೀರಿ ಛಲೋ ಆತು, ಜೀವಕ್ಕ ಏನ್ ಕಟ್ಟೀರಿ?" ಎಂದು ನಗಿಸಿದ್ದರು.

ನೀರಿಗಿಳಿಯುವ ಮೊದಲು ಒಂದು ಕಾಗದ ತುಂಬಬೇಕಿತ್ತು. ಅದರಲ್ಲೊಂದು ಸಾಲು: ಅಪಾಯವಾದರೆ ಯಾರಿಗೆ ತಿಳಿಸಬೇಕು. ಅಲ್ಲಿಗೆ ಬಂದಾಗ ನಮ್ಮೆಲ್ಲರ ಪೆನ್ನೂ ನಿಲ್ಲುತ್ತಿತ್ತು. ಉಸ್ತಾದರಿಗೆ ಅದು ಗೊತ್ತಿತ್ತು. "ನಿಮ್ಮ ಹೆಸರು ಸುಳ್ಳು ಬರದ್ರೂ ನಡೀತದ್ರೀ. ನಂಬರ್ ಖರೇದ ಇರ್ಲಿ" ಎಂದರು. ನಾನು ನನ್ನ ಹೆಸರನ್ನೂ ಸುಳ್ಳು ಬರೆದೆ, ಅವ್ವನ ನಂಬರಿನ ಕೊನೆಯ ಅಂಕಿಯನ್ನೂ ಬದಲಿಸಿದೆ. ಇಷ್ಟು ವರ್ಷ ಮುಚ್ಚಿಟ್ಟದ್ದು ನಾನು ಸತ್ತಮೇಲೆ ಬಯಲಾಗಿ ಅವಳು ಓಣಿಯಲ್ಲಿ ತಲೆ ತಗ್ಗಿಸುವುದು ನನಗೆ ಬೇಡವಾಗಿತ್ತು.

ಮೂರನೆಯ ಸುಳಿಯಲ್ಲಿ ದೋಣಿ ಮಗುಚಿತು. ನಾನು ಅದರ ಅಡಿಗೆ ಸಿಕ್ಕೆ. ಕಪ್ಪು ರಬ್ಬರು, ನೀರಿನ ಸದ್ದು, ಆಮೇಲೆ ಯಾರೋ ಹೆಗಲ ಪಟ್ಟಿ ಹಿಡಿದು ಜಗ್ಗಿದ್ದು, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ದಂಡೆಯ ಮೇಲಿದ್ದೆ. ಪಕ್ಕದಲ್ಲಿ ಉಸ್ತಾದರು ಕುಕ್ಕರಗಾಲಲ್ಲಿ ಕೂತು, ನಾನು ಬರೆದ ನಂಬರಿಗೆ ಹಚ್ಚಿ, ನಿಮ್ಮ ಮಗ ನೀರಿಗೆ ಬಿದ್ದಿದ್ದಾನೆಂದು ತಿಳಿಸಿ ಫೋನು ಹಿಡಿದಿದ್ದರು. ಅದರೊಳಗೆ ಒಬ್ಬ ಹೆಂಗಸು ಅಳುತ್ತಿದ್ದಳು.

"ಮುಂಜಾನೆ ಉಂಡು ಹೋದಾನ್ರೀ ನನ ಮಗ, ನೀರಿಗ್ಯಾಕ ಹೋದ?"

ಅದು ನಮ್ಮವ್ವನ ದನಿಯಲ್ಲ. ಹಾಗೆಂದು ಹೇಳಿದೆ. ಉಸ್ತಾದರು ನನ್ನನ್ನೊಮ್ಮೆ ನೋಡಿ, ಫೋನಿಗೆ ಬಾಯಿಟ್ಟು, "ಅವ್ವಾ, ತಪ್ಪಾಗ್ಯದ. ಬಿದ್ದಾಂವ ನಿಮ್ಮ ಮಗ ಅಲ್ಲ" ಎಂದರು. ಅವಳು ನಂಬಲಿಲ್ಲ. ಅವಳ ಮಗ ಎಲ್ಲೋ ಕೆಲಸದಲ್ಲಿ ಫೋನು ಎತ್ತುತ್ತಿರಲಿಲ್ಲ. ಅವನ ದನಿ ಅವಳಿಗೆ ಕೇಳಿಸುವವರೆಗೆ, ಅಂದರೆ ಸುಮಾರು ಒಂದು ತಾಸು, ಉಸ್ತಾದರು ಒದ್ದೆ ಬಟ್ಟೆಯಲ್ಲೇ ಕೂತು ಮತ್ತೆ ಮತ್ತೆ ಫೋನು ಮಾಡುತ್ತ ಅವಳಿಗೆ ಧೈರ್ಯ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮವ್ವನ ದುಃಖ ತಗೊಂಡೋಗಿ ಯಾರ್ದೋ ಅವ್ವನ ತಲಿಮ್ಯಾಗ ಹಾಕಿದ್ರಿ."

ಬೈಗುಳವಾಗಿದ್ದರೆ ಮರೆಯುತ್ತಿದ್ದೆನೇನೋ. ಅವರು ಮೆಲ್ಲಗೆ ಹೇಳಿದರು. ಕಾಗದ ತರಿಸಿ ನಾನು ಬರೆದ ನಂಬರನ್ನು ಹೊಡೆದು ಹಾಕಿ, ತಮ್ಮ ನಂಬರು ಬರೆದು, ಸಂಬಂಧ ಎಂಬಲ್ಲಿ 'ಅಣ್ಣ' ಎಂದು ತುಂಬಿದರು. ಅಲ್ಲಿಂದ ಮುಂದೆ ಮನೆಯ ನಂಬರು ಬರೆಯಲಾರದವರಿಗೆಲ್ಲ ಅವರೇ ಅಣ್ಣನಾದರು. ಯಾರಿಗೆ ಏನಾದರೂ ಮನೆಯವರಿಗೆ ಯಾವ ಮಾತಿನಲ್ಲಿ ತಿಳಿಸಬೇಕೆಂದು ಒಬ್ಬೊಬ್ಬರನ್ನೂ ಕೇಳಿ ಇಟ್ಟುಕೊಳ್ಳುತ್ತಿದ್ದರು.

ಅವರು ತೀರಿಕೊಂಡದ್ದು ನೀರಿನಲ್ಲಲ್ಲ, ಕಮಲಾಪುರದ ಮನೆಯಲ್ಲಿ, ಕಾಮಾಲೆಯಿಂದ. ನಮಗೆ ತಿಳಿಸಬೇಕೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮನ್ನು ನದಿಗೆ ಒಯ್ಯುತ್ತಿದ್ದ ಗಾಡಿಯ ಡ್ರೈವರನಿಂದ ಸುದ್ದಿ ತಿಳಿದು ನಾನು ಹೋದಾಗ ಒಂಬತ್ತು ದಿನ ಕಳೆದಿತ್ತು. ಪಡಸಾಲೆಯ ತುಂಬ ಬೀಗರು ನೆಂಟರು, ನಡುವೆ ಅವರ ಅವ್ವ.

"ಯಾರ್ರೀ ನೀವು?"

"ಕಲಬುರಗಿಯವ್ರೀ. ಅವರ ಗಾಡಿಯಾಗ ಒಮ್ಮೆ ಹೋಗಿದ್ದೆ."

ಮುದುಕಿ ನನ್ನ ಕೈ ಹಿಡಿದುಕೊಂಡಳು. "ಲಗ್ನ ಒಲ್ಲೆ ಅಂದ, ಒಬ್ಬನ ಉಳದ. ಇವ ನಮ್ಮಾಂವ ಅನ್ನೋರು ನನ ಮಗಗ ಒಬ್ರೂ ಇದ್ದಿಲ್ಲೇನ್ರೀ ತಮ್ಮಾ?"

ಎಷ್ಟೋ ಜನ ಇದ್ದರು. ಅವರಲ್ಲೊಬ್ಬ ಅವಳ ಮುಂದೆಯೇ ಕೂತಿದ್ದ. ಬೀಗರೆಲ್ಲ ನನ್ನನ್ನೇ ನೋಡುತ್ತಿದ್ದರು.

"ನನಗ ಗೊತ್ತಿಲ್ರೀ ಅವ್ವ" ಎಂದೆ.

ಅವಳು ಕೈ ಬಿಟ್ಟಳು. ಚಹಾ ಬಂತು, ಕುಡಿದು ಎದ್ದೆ.

ಅಂಗಡಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಗಾಜು ಉಜ್ಜುವಾಗ ಈಗಲೂ ಹಿಂದಿನಿಂದ ಆ ಒಡಕು ದನಿ ಕೇಳಿಸುತ್ತದೆ. ತಿರುಗಿದರೆ ಜಗತ್‌ನ ಆಟೋಗಳು. ಕೆಲವು ದಿನ, ಹೆಸರೂ ಊರೂ ತಿಳಿಯದ ಆ ಹೆಂಗಸು ಅಳುವುದು ಕೇಳುತ್ತದೆ. ನನಗೆ ಹೆದರಿಕೆಯಾಗುತ್ತದೆ, ನಾಚಿಕೆಯೂ ಆಗುತ್ತದೆ.

ಕಮಲಾಪುರ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹೋಗಿ, ಮುದುಕಿಗೆ ಹೇಳಿದ 'ಗೊತ್ತಿಲ್ಲ' ಎಂಬ ಆ ಒಂದು ಮಾತು ತಿದ್ದಿ ಬರಬೇಕೆಂದು ಎರಡು ಸಲ ಬಸ್ಸು ಹತ್ತಿದ್ದೇನೆ, ಹೊರಡುವ ಮೊದಲೇ ಇಳಿದಿದ್ದೇನೆ. ಮುದುಕಿಗೆ ಎಂಬತ್ತು ದಾಟಿದೆಯಂತೆ.