ಓದದೆ ಬಿಟ್ಟ ಸಾಲು

ಮಿಲ್ಟ್ರಿ ಅಣ್ಣನ ಎಡಗಡೆ ಕುತ್ತಿಗೆಯ ಬುಡದಲ್ಲಿ, ಚರ್ಮದ ಕೆಳಗೆ, ತೊಗರಿ ಕಾಳಿನಷ್ಟು ದೊಡ್ಡದೊಂದು ಕಬ್ಬಿಣದ ಚೂರಿತ್ತು. ಮಾತಾಡುವಾಗ ಹೆಬ್ಬೆರಳಿನಿಂದ ಅದನ್ನು ಒತ್ತುವುದು ಅವರ ರೂಢಿ. ಒತ್ತಿದರೆ ತುಸು ಸರಿಯುತ್ತಿತ್ತು, ಬಿಟ್ಟರೆ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ಚಳಿಗಾಲದಲ್ಲಿ ಅದರ ಸುತ್ತ ನೀಲಿಗಟ್ಟುತ್ತಿತ್ತು. ಅದು ಕಣ್ಣಿಗೆ ಬಿದ್ದಾಗಲೆಲ್ಲ ನಾನು ಮುಖ ಬೇರೆ ಕಡೆ ಹೊರಳಿಸುತ್ತಿದ್ದೆ. ಅಸಹ್ಯವೆಂದಲ್ಲ. ಆ ಚೂರು ಹೇಗೆ ಒಳಹೊಕ್ಕಿತೆಂದು ಬರೆದಿದ್ದ ಒಂದೇ ಒಂದು ಕಾಗದವನ್ನು ನಾನು ನನ್ನ ಕೈಯಾರೆ ಹರಿದು ಹಾಕಿದ್ದೆ, ಮತ್ತು ಅದು ಅವರಿಗೆ ಗೊತ್ತಿರಲಿಲ್ಲ.

ನಮ್ಮೂರು ಇಟಗಿಯಿಂದ ನಾಲ್ಕು ಮೈಲು. ನಮ್ಮ ಮನೆಯ ಪಡಸಾಲೆಯೇ ಊರಿನ ಪೋಸ್ಟಾಫೀಸು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಕಾಗದ ಹಂಚುವುದಷ್ಟೇ ಅಲ್ಲ, ಓದು ಬಾರದವರಿಗೆ ಓದಿ ಹೇಳುವುದೂ ನನ್ನ ಪಾಲಿಗೇ ಬಂತು. ಪಕ್ಕದ ಮನೆಯ ಮುದುಕಿಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಆ ಲೆಕ್ಕದಲ್ಲಿ ಸೈನ್ಯದಲ್ಲಿದ್ದ ಅವರ ಮಗ ನನಗೆ ಅಣ್ಣ, ಅಣ್ಣನ ಹೆಂಡತಿ ವೈನಿ.

ಸೈನ್ಯ ಬಿಟ್ಟು ಬಂದ ಮೇಲೆ ಅಣ್ಣ ಕೊಪ್ಪಳದ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು. ನಿಂತರು ಎಂದರೆ ನಿಜವಾಗಿಯೂ ನಿಂತರು. ಸ್ಟೂಲು ಕೊಟ್ಟಿದ್ದರು, ಅದರ ಮೇಲೆ ಮ್ಯಾನೇಜರರ ಚೀಲ ಇರುತ್ತಿತ್ತೇ ಹೊರತು ಇವರು ಕುಳಿತದ್ದನ್ನು ಕಂಡವರಿಲ್ಲ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಏಳೂ ಇಪ್ಪತ್ತಕ್ಕೇ ಹೋಗಿ ನಿಲ್ಲುವರು. ಬಸ್ಸು ಎಂಟಕ್ಕೆ ಬರುವುದು. ಡ್ರೈವರನ ಎದುರು ಗಡಿಯಾರ ನೋಡಿಕೊಂಡು, ಮಾತಾಡದೆ ಹತ್ತುವರು. ಆ ಡ್ರೈವರ ಒಮ್ಮೆ ನನ್ನ ಹತ್ತಿರ, ನಿಮ್ಮಣ್ಣ ಬೈದರೂ ತಡೆದುಕೊಂಡೇನು, ಹೀಗೆ ಗಡಿಯಾರ ನೋಡಿದರೆ ಜೀವ ಹಿಂಡಿದಂತಾಗುತ್ತದೆ ಎಂದು ದೂರು ಹೇಳಿದ. ಓಣಿಯ ಕಸವನ್ನು ತಮ್ಮ ಮನೆಯ ಮುಂದೆ ಮಾತ್ರವಲ್ಲ, ನಮ್ಮ ಮನೆಯ ಮುಂದೂ ಅವರೇ ಗುಡಿಸುತ್ತಿದ್ದರು. ಬೇಡವೆಂದರೆ ಕೇಳುತ್ತಿರಲಿಲ್ಲ. ಪೋಸ್ಟಾಫೀಸು ಸರ್ಕಾರದ್ದು, ಅದರ ಮುಂದೆ ಕಸ ಇರಬಾರದು ಎನ್ನುವುದು ಅವರ ವಾದ.

ಅವರದೊಂದು ಮಾತಿತ್ತು. ಯಾರು ಯಾವುದರ ಬಗ್ಗೆ ಗೊಣಗಿದರೂ, "ಕಾಗದದಾಗ ಐತೇನು? ಐತಿ ಅಂದ್ರ ಐತಿ, ಇಲ್ಲಂದ್ರ ಇಲ್ಲ" ಎನ್ನುವರು. ನಾವೆಲ್ಲ ಅದನ್ನು ಹೇಳಿ ನಗುತ್ತಿದ್ದೆವು. ಆ ಮಾತು ಅವರಿಗೆ ಎಲ್ಲಿಂದ ಬಂತೆಂದು ಊರಿಗೆ ತಿಳಿದದ್ದು ಒಂದು ಆಗಸ್ಟ್ ಹದಿನೈದರಂದು. ಶಾಲೆಯಲ್ಲಿ ಧ್ವಜವಂದನೆಗೆ ಕೋಟು ಹಾಕಿ, ಪದಕಗಳನ್ನು ಸಿಕ್ಕಿಸಿಕೊಂಡು ಬಂದಿದ್ದರು. ಪಂಚಾಯ್ತಿ ಮೆಂಬರನೊಬ್ಬ ಭಾಷಣದಲ್ಲಿ, ನಮ್ಮೂರ ಯೋಧ ಗಡಿಯಲ್ಲಿ ಗುಂಡು ತಿಂದು ಬಂದವರು ಎಂದ. ಅಷ್ಟರಲ್ಲಿ ಹಿಂದೆ ಕುಳಿತಿದ್ದ ಅವನ ಎದುರು ಪಾರ್ಟಿಯವನು, ಅವರ ಬುಕ್ಕಿನಾಗ ಕಾಲು ಜಾರಿ ಬಿದ್ದಾರ ಅಂತ ಐತ್ರಿ, ನಾ ಕಣ್ಣಾರೆ ನೋಡೀನಿ ಎಂದುಬಿಟ್ಟ. ಮಕ್ಕಳು ನಕ್ಕವು. ಅಣ್ಣ ಎದ್ದು ಹೋಗಲಿಲ್ಲ. ಪೇಡೆ ಹಂಚುವವರೆಗೂ ನೆಟ್ಟಗೆ ಕುಳಿತಿದ್ದು, ತಮ್ಮ ಪಾಲಿನ ಪೇಡೆಯನ್ನು ಹಿಂದಿದ್ದ ಮಗುವಿಗೆ ಕೊಟ್ಟು ಮನೆಗೆ ನಡೆದರು.

ಆ ಮನುಷ್ಯ ಹೇಳಿದ್ದು ಸುಳ್ಳಲ್ಲ. ಸೈನ್ಯ ಬಿಡುವಾಗ ಅಣ್ಣನಿಗೆ ಕೊಟ್ಟ ಬಿಡುಗಡೆಯ ಪುಸ್ತಕದಲ್ಲಿ ಹಾಗೇ ಬರೆದಿತ್ತು. ಗುಡ್ಡದ ಮೇಲಿನ ಚೌಕಿಯ ಹತ್ತಿರ ಶತ್ರುಗಳ ಶೆಲ್ಲು ಬಿದ್ದಾಗ ಇವರು ಕೊರಕಲಿಗೆ ಉರುಳಿದ್ದರು. ಆಮೇಲೆ ಬೇರೆ ತುಕಡಿಯವರು ನೋಡಿ ಎತ್ತಿ ತಂದರು. ಆಸ್ಪತ್ರೆಯಲ್ಲಿ ಬರೆದುಕೊಂಡವರಿಗೆ ತಿಳಿದದ್ದು ಇವರು ಮೇಲಿನಿಂದ ಬಿದ್ದಿದ್ದಾರೆ ಎಂದಷ್ಟೇ. ಇವರಿಗೆ ಎಚ್ಚರ ಬರುವ ಹೊತ್ತಿಗೆ ಬಿದ್ದು ಆದ ಗಾಯವೆಂಬುದು ಕಾಗದಕ್ಕೆ ಏರಿ, ಅಲ್ಲಿಂದ ಪುಸ್ತಕಕ್ಕೆ ಇಳಿದಿತ್ತು. ಶತ್ರುವಿನ ಕೈಯಲ್ಲಿ ಗಾಯಗೊಂಡವರಿಗೆ ಕೊಡುವ ಪದಕ ಅವರಿಗೆ ಬರಲೇ ಇಲ್ಲ.

ಈಗ ನಾನು ಹರಿದ ಕಾಗದದ ಕಥೆ ಹೇಳುತ್ತೇನೆ. ಅಣ್ಣ ಗಾಯಗೊಂಡ ವರ್ಷ ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿರಬೇಕು. ದೊಡ್ಡವ್ವನ ಹೆಸರಿಗೆ ಸೈನ್ಯದ ಮುದ್ರೆಯಿದ್ದ ಲಕೋಟೆಯೊಂದು ಬಂತು. ಆಗ ವೈನಿ ಬಾಣಂತನಕ್ಕೆ ತವರಿಗೆ ಹೋಗಿದ್ದರು, ಮನೆಯಲ್ಲಿ ಮುದುಕಿ ಒಬ್ಬಳೇ. ಹೊಸ್ತಿಲಲ್ಲಿ ಕೂರಿಸಿ ಓದಿದೆ. ಇಂಗ್ಲಿಷಿನಲ್ಲಿತ್ತು, ತಡವರಿಸಿಕೊಂಡು ಕನ್ನಡ ಮಾಡಿ ಹೇಳಿದೆ. ಅಣ್ಣನ ಮೇಜರ್ ಸಾಹೇಬರು ತಾವೇ ಬರೆದಿದ್ದರು. ಇಂಥ ದಿನ, ಇಂಥ ಚೌಕಿಯ ಬಳಿ ಶೆಲ್ಲು ಬಿತ್ತು. ಪಕ್ಕದಲ್ಲಿದ್ದ ಸೈನಿಕ ಸತ್ತ. ನಿಮ್ಮ ಮಗನ ಕುತ್ತಿಗೆಗೆ ಚೂರುಗಳು ಹೊಕ್ಕಿವೆ, ಎಷ್ಟೋ ಹೊತ್ತಿನ ಮೇಲೆ ಸಿಕ್ಕಿದ್ದಾನೆ, ಜೀವಕ್ಕೆ ಭಯವಿಲ್ಲ. ಪದಕಕ್ಕೆ ಅವನ ಹೆಸರು ಕಳಿಸುತ್ತಿದ್ದೇನೆ. ದಿನಾಂಕ ಕೇಳಿದ ಕೂಡಲೇ ದೊಡ್ಡವ್ವ, ಅವತ್ತು ಕಾರಹುಣ್ಣಿವಿ, ಅವತ್ತ ನಾ ಹೋಳಿಗಿ ಮಾಡಿ ತಿಂದೀನಲ್ಲ ಎಂದು ಎದೆ ಬಡಿದುಕೊಂಡಳು.

ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಈ ಪತ್ರವನ್ನು ಜೋಪಾನವಾಗಿಡಿ, ಮುಂದೆ ಬೇಕಾಗಬಹುದು. ಅದನ್ನು ಹೇಳುವಷ್ಟರಲ್ಲಿ ದೊಡ್ಡವ್ವ ನನ್ನ ಕೈಹಿಡಿದಳು.

"ಸತ್ತ ಸುದ್ದಿ ಐತಿ ಅದ್ರಾಗ. ಮನ್ಯಾಗ ಇಡಬಾರ್ದವಾ. ಹರದು ಅಗಸಿ ಹೊರಗ ಒಗದು ಬಾ."

ನಮ್ಮ ಕಡೆ ಅದು ರೂಢಿ. ಸಾವಿನ ಸುದ್ದಿ ಹೊತ್ತ ಕಾಗದ ಹೊಸ್ತಿಲು ದಾಟಬಾರದು. ಓದಿದವರೇ ಹರಿದು ಹೊರಗೆ ಹಾಕಿ, ಕೈಕಾಲು ತೊಳೆದು ಬರಬೇಕು. ಆ ಹೊತ್ತಿಗೆ ಮುದುಕಿಯ ಬಾಯಿಗೆ ಎದುರಾಡುವುದು ನನ್ನಿಂದಾಗಲಿಲ್ಲ. ಆ ಕೊನೆಯ ಸಾಲನ್ನು ಓದದೆ ಬಿಟ್ಟೆ. ಊರಬಾಗಿಲಾದ ಅಗಸಿಯ ಹೊರಗೆ ನಿಂತು ಎಂಟು ಚೂರು ಮಾಡಿ ಹಳ್ಳಕ್ಕೆ ಹಾಕಿದೆ. ದೊಡ್ಡವ್ವ ಅದರ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಿದರೆ ಕೇಡು ಎನ್ನುವ ಹೆದರಿಕೆ ಅವಳಿಗೆ. ಮೂರು ವರ್ಷದಲ್ಲಿ ಅವಳೂ ಹೋದಳು. ಮೇಜರ್ ಸಾಹೇಬರು ಅದಕ್ಕೂ ಮೊದಲೇ, ಪದಕಕ್ಕೆ ಹೆಸರು ಕಳಿಸುವ ಮುಂಚೆಯೇ, ತೀರಿಕೊಂಡಿದ್ದರು.

ಶಾಲೆಯ ಆ ಘಟನೆಯ ಮರುದಿನವೇ ಅಣ್ಣ ದಾಖಲೆ ತಿದ್ದುಪಡಿಗೆ ಅರ್ಜಿ ಬರೆಸಿದರು. ಜೊತೆಗೆ ಎಕ್ಸ್‌ರೇ ಇಟ್ಟರು. ಎಕ್ಸ್‌ರೇ ತೆಗೆದ ಕೊಪ್ಪಳದ ಡಾಕ್ಟರು, ಚೂರು ದೊಡ್ಡ ರಕ್ತನಾಳದ ಹತ್ತಿರ ಇದೆ, ಇವತ್ತಲ್ಲ ನಾಳೆ ಸರಿದೀತು, ತೆಗೆಸಿಬಿಡಿ ಎಂದಿದ್ದರು. ವೈನಿ ಅಂದಿನಿಂದ ತೆಗೆಸಿರಿ, ತೆಗೆಸಿರಿ ಎಂದು ಬೆನ್ನು ಹತ್ತಿದರು, ಹುಲಿಗೆಮ್ಮನಿಗೆ ಹರಕೆ ಹೊತ್ತು ಹುಣ್ಣಿಮೆಗೊಮ್ಮೆ ಹುಲಿಗಿಗೆ ಹೋಗಿಬಂದರು. ಅಣ್ಣ ಒಪ್ಪಲಿಲ್ಲ.

"ನನ್ನ ಕಡೆ ಇರೋ ಸಾಕ್ಷಿ ಇದೊಂದ. ಇದನ್ನೂ ತೆಗದು ಒಗದ್ರ ನಾ ಏನು ತೋರಿಸ್ಲಿ? ಆರ್ಡರ್ ಬರ್ಲಿ, ಅವತ್ತ ಹೋಗತೀನಿ" ಎಂದರು.

ಈ ಮಾತು ಹೇಳಿದ್ದು ನನ್ನ ಮೇಜಿನ ಮುಂದೆ. ನನ್ನ ಕೈಯಲ್ಲಿದ್ದ ಮುದ್ರೆ ಹಾಗೇ ನಿಂತಿತು.

ಎರಡು ತಿಂಗಳಿಗೆ ಸೈನ್ಯದ ದಾಖಲೆ ಕಚೇರಿಯಿಂದ ಮೊದಲ ಉತ್ತರ ಬಂತು. ಹಿಂದಿ ಅವರೇ ಓದುತ್ತಿದ್ದರು, ಇದು ಇಂಗ್ಲಿಷು. ಸಹಿ ಮಾಡಿ ತೆಗೆದುಕೊಂಡು, ಅಲ್ಲೇ ಒಡೆದು ನನಗೆ ಕೊಟ್ಟು, ಕೈ ಬೆನ್ನ ಹಿಂದೆ ಕಟ್ಟಿ ನಿಂತರು. ಎಕ್ಸ್‌ರೇಯಲ್ಲಿ ಲೋಹ ಕಾಣುತ್ತದೆ, ಅದು ಎಲ್ಲಿಂದ ಬಂತೆಂದು ಕಾಣುವುದಿಲ್ಲ. ನೀವು ಹೇಳಿದ ದಿನದ ತುಕಡಿಯ ದಿನಚರಿಯಲ್ಲಿ ನಿಮ್ಮ ಹೆಸರಿಲ್ಲ. ಇಷ್ಟನ್ನು ಓದಿದೆ. ಅದರ ಕೆಳಗಿನ ಸಾಲು ಹೀಗಿತ್ತು: ಆ ಕಾಲದಲ್ಲಿ ತುಕಡಿಯಿಂದ ಮನೆಗೆ ಬಂದ ಪತ್ರವಿದ್ದರೆ, ಅಥವಾ ಅದನ್ನು ಕಂಡವರ ಹೇಳಿಕೆಯಿದ್ದರೆ ಕಳಿಸಿ. ಪೋಸ್ಟಿನ ಕೆಲಸದವಳೇ ಕಾಗದ ಹರಿದಳೆಂದು ಊರೆಲ್ಲ ಆಡಿಕೊಳ್ಳುವುದು ಕಣ್ಣಿಗೆ ಕಟ್ಟಿತು, ಅಪ್ಪನ ಹೆಸರೂ ನೆನಪಾಯಿತು. ಆ ಸಾಲನ್ನು ಬಿಟ್ಟು, ಸಹಿ ಮಾಡಿದವರ ಹುದ್ದೆ ಓದಿ ಮುಗಿಸಿದೆ.

"ಅಷ್ಟ ಏನು?" ಎಂದರು.

"ಅಷ್ಟ ಅಣ್ಣಾ."

ಅಂದಿನಿಂದ ಹತ್ತೊಂಬತ್ತು ತಿಂಗಳು ಹಾಗೇ ಕಳೆದವು. ಸೈನ್ಯದಲ್ಲಿ ಜೊತೆಗಿದ್ದ ಇಬ್ಬರಿಗೆ ಸಾಕ್ಷಿ ಕೇಳಿ ಅಣ್ಣ ಪತ್ರ ಹಾಕಿದರು. ಒಂದಕ್ಕೆ ಮಗ ಉತ್ತರ ಬರೆದ, ಅಪ್ಪ ತೀರಿಕೊಂಡರೆಂದು. ಇನ್ನೊಂದು ಈ ವಿಳಾಸದಲ್ಲಿ ಇಲ್ಲ ಎಂಬ ಷರಾದೊಂದಿಗೆ ನನ್ನ ಚೀಲಕ್ಕೇ ಹಿಂತಿರುಗಿತು. ಅದನ್ನು ಅವರ ಕೈಗೆ ಕೊಡಲು ನನಗೆ ಎರಡು ದಿನ ಹಿಡಿಯಿತು. ಚೂರು ತನ್ನ ಜಾಗ ಬಿಟ್ಟಿತ್ತು. ಒತ್ತಿದರೆ ಈಗ ಮರಳಿ ಬರುತ್ತಿರಲಿಲ್ಲ. ಎಡಗೈ ಜೋಮು ಹಿಡಿಯುತ್ತದೆಂದು ಬಂದೂಕನ್ನು ಬಲಗಡೆಗೆ ಬದಲಾಯಿಸಿಕೊಂಡರು. ಅವರು ಗುಡಿಸುವ ಸದ್ದು ಬೆಳಿಗ್ಗೆ ಕೇಳಿಸುವವರೆಗೆ ನನಗೆ ಸಮಾಧಾನ ಇರುತ್ತಿರಲಿಲ್ಲ. ಕೇಳಿಸಿದ ಮೇಲೆ ಅವರ ಎದುರು ನಿಲ್ಲುವುದು ಆಗುತ್ತಿರಲಿಲ್ಲ. ಹೇಳಬೇಕೆಂದು ನಾಲ್ಕಾರು ಸಲ ಬಾಯಿ ತೆರೆದೆ, ಪ್ರತಿ ಸಲವೂ ಬಸ್ಸಿನ ಮಾತು, ಬಿಸಿಲಿನ ಮಾತು ಆಡಿ ಮುಗಿಸಿದೆ.

ಒಂದು ಮಧ್ಯಾಹ್ನ ಅವರು ಅರ್ಜಿಯ ಕಡತವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಡಾಕ್ಟರು ಆಪರೇಷನ್ನಿಗೆ ಹುಬ್ಬಳ್ಳಿಗೆ ಬರೆದುಕೊಟ್ಟಿದ್ದಾರೆ, ನಾನೇ ಹೋಗುವುದಿಲ್ಲ ಎಂದಿದ್ದೇನೆ, ಹೆಚ್ಚುಕಡಿಮೆಯಾದರೆ ಇದನ್ನು ನೀನು ಮುಂದುವರಿಸು, ಇಂಗ್ಲಿಷು ಬಲ್ಲವಳು ನೀನೇ ಎಂದರು. ಆಗ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಹರಿದದ್ದು, ಆ ಕೊನೆಯ ಸಾಲು, ಸೈನ್ಯದ ಉತ್ತರದಲ್ಲಿ ಓದದೆ ಬಿಟ್ಟ ಸಾಲು.

ಅವರು ಕಡತದ ದಾರ ಬಿಚ್ಚಿ ಅರ್ಜಿಯ ಪ್ರತಿಯನ್ನು ಹೊರತೆಗೆದರು. ಬೈದಿದ್ದರೆ ಎಷ್ಟೋ ಸಸಾರವಿತ್ತು.

"ಯಾವ ದಿನಾ ಅಂತ ಇತ್ತು ಅದ್ರಾಗ?"

"ಕಾರಹುಣ್ಣಿವಿ ದಿನಾ."

ಅಣ್ಣ ಬೆರಳು ಮಡಿಚಿ ಎಣಿಸಿದರು. ಅರ್ಜಿಯಲ್ಲಿ ಅವರು ಬರೆದದ್ದು ಅದರ ಮೂರನೆಯ ದಿನ. ತಮ್ಮನ್ನು ಎತ್ತಿದ ದಿನವೇ ಶೆಲ್ಲು ಬಿದ್ದ ದಿನವೆಂದು ಇಷ್ಟು ವರ್ಷ ತಿಳಿದಿದ್ದರು.

"ಹಂಗಾದ್ರ ಎರಡು ದಿನ ಬಿದ್ದಿದ್ನೇನು ನಾ ಅಲ್ಲೇ" ಎಂದರು, ನನಗಲ್ಲ, ತಮಗೆ ತಾವೇ. ಆಮೇಲೆ ಎದ್ದರು. "ಕಾಗದ ಹೋದ್ರ ಹೋಗ್ಲಿ. ಓದಿದಾಕಿ ಅದೀಯಲ್ಲ. ನಡಿ ಯಲಬುರ್ಗಿಗೆ."

ಬಸ್ಸಿನಲ್ಲಿ ಇಬ್ಬರ ಟಿಕೆಟ್ಟನ್ನೂ ಅವರೇ ತೆಗೆಸಿ, ಮುಂದಿನ ಸೀಟಿನಲ್ಲಿ ಒಬ್ಬರೇ ಕುಳಿತರು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಯಲಬುರ್ಗಿಯ ನೋಟರಿಯ ಮುಂದೆ ನಾನು ಆ ಪತ್ರವನ್ನು ಸಾಲುಸಾಲಾಗಿ ಹೇಳಿ ಬರೆಸಿದೆ. ಅಷ್ಟು ವರ್ಷ ಅದನ್ನೇ ಒಳಗೊಳಗೆ ಓದಿಕೊಂಡಿದ್ದವಳಿಗೆ ಒಂದು ಅಕ್ಷರವೂ ತಪ್ಪಲಿಲ್ಲ. ದಿನಾಂಕದ ಅಂಕಿಯೊಂದೇ ಮರೆತಿತ್ತು, ಆ ವರ್ಷದ ಕಾರಹುಣ್ಣಿಮೆಯ ದಿನಾಂಕವನ್ನು ನೋಟರಿ ಮೊಬೈಲಿನಲ್ಲಿ ಹುಡುಕಿ ಹಾಕಿದರು. ಬರುವಾಗ ಅಣ್ಣ ನನ್ನ ಪಕ್ಕದಲ್ಲಿ ಕುಳಿತರು. ಊರು ಹತ್ತಿರ ಬಂದಾಗ ಕೇಳಿದರು, "ಅವ್ವ ಭಾಳ ಅತ್ಲೇನು?" ಹೂಂ ಎಂದೆ. ಇಳಿಯುವ ಮುಂದೆ ಇನ್ನೊಂದು ಮಾತು ಹೇಳಿದರು. "ಕಾಗದ ಹರದದ್ದು ನಿಮ್ಮ ವೈನಿಗೆ ಹೇಳಬ್ಯಾಡ ತಂಗಿ. ಅಕಿ ತಡಕೊಳ್ಳಾಕಿಲ್ಲ."

ನನ್ನ ಹೇಳಿಕೆ ನನ್ನದೇ ಮೇಜಿನಿಂದ ರಿಜಿಸ್ಟರ್ ಆಗಿ ಹೋಯಿತು. ಸಾಕ್ಷಿ ಕಾಗದಕ್ಕೆ ಇಳಿದಿದೆ, ಇನ್ನು ಚೂರು ಇದ್ದರೇನು ಹೋದರೇನು ಎಂದು ಅಣ್ಣ ಹುಬ್ಬಳ್ಳಿಗೆ ಹೋಗಲು ಒಪ್ಪಿದರು. ಆಪರೇಷನ್ನಿನ ದಿನವೂ ಗೊತ್ತಾಯಿತು. ಅದಕ್ಕೆ ಇನ್ನೂ ಎಂಟು ದಿನ ಇರುವಾಗ, ಬ್ಯಾಂಕಿನಲ್ಲಿ ಹನ್ನೊಂದು ಗಂಟೆಗೆ, ಸ್ಟೂಲಿನ ಮೇಲಿದ್ದ ಚೀಲವನ್ನು ಎತ್ತಿ ಕೆಳಗಿಟ್ಟು ಕುಳಿತರಂತೆ. ಇವರು ಕುಳಿತದ್ದು ನೋಡಿಯೇ ಕ್ಯಾಷಿಯರ್ ಓಡಿ ಬಂದರಂತೆ. ಅಷ್ಟರಲ್ಲಿ ಮುಗಿದಿತ್ತು.

ಹದಿನೇಳು ದಿನದ ಮೇಲೆ ಅವರ ಹೆಸರಿಗೆ ರಿಜಿಸ್ಟರ್ ಬಂತು. ವಿಳಾಸದಾರರು ತೀರಿಕೊಂಡಿದ್ದಾರೆ ಎಂದು ಬರೆದು ಹಿಂದಕ್ಕೆ ಕಳಿಸುವುದು ನಿಯಮ. ಪೆನ್ನು ಹಿಡಿದು ಕುಳಿತೆ, ಬರೆಯಲಾಗಲಿಲ್ಲ. ಪಕ್ಕದ ಮನೆಗೆ ಹೋಗಿ ವೈನಿಯ ಸಹಿ ಹಾಕಿಸಿಕೊಂಡು ಒಡೆದು ಓದಿದೆ. ಈ ಸಲ ಒಂದು ಸಾಲೂ ಬಿಡಲಿಲ್ಲ. ಹೇಳಿಕೆಯಲ್ಲಿದ್ದ ದಿನದ ದಿನಚರಿ ತೆಗೆದು ನೋಡಲಾಗಿದೆ, ಶೆಲ್ಲು ಬಿದ್ದು ಕಾಣೆಯಾದವರ ಪಟ್ಟಿಯಲ್ಲಿ ಅವರ ಹೆಸರಿದೆ, ದಾಖಲೆಯನ್ನು ಶತ್ರುವಿನ ಶೆಲ್ಲಿನಿಂದಾದ ಗಾಯವೆಂದು ತಿದ್ದಲಾಗಿದೆ, ಪದಕಕ್ಕೆ ಅವರು ಅರ್ಹರು.

ವೈನಿ ನನ್ನ ಎರಡೂ ಕೈ ಹಿಡಿದುಕೊಂಡರು. ಇದು ಆದ್ರ ನಿನ್ನಿಂದನ ಆಗತೈತಿ ಅಂತ ಅವರು ಹೇಳತಿದ್ರು ಎಂದರು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು ಕೇಳಿದರು.

"ಆ ಒಂದು ದಿನದ ಪಟ್ಟಿ ನೋಡಿದ್ರ ಗೊತ್ತಾಗೂದು, ಇಷ್ಟು ತಡಾ ಯಾಕಾತು?"

ಹೇಳಬೇಡ ಎಂದವರು ಈಗ ಇರಲಿಲ್ಲ. ಅವರ ಮಾತು ಮುರಿದೆ. ಕಾಗದ ಹರಿದದ್ದನ್ನೂ ಹತ್ತೊಂಬತ್ತು ತಿಂಗಳು ಮುಚ್ಚಿಟ್ಟದ್ದನ್ನೂ ಹೇಳಿದೆ, ಒಂದನ್ನೂ ಕಡಿಮೆ ಮಾಡಲಿಲ್ಲ. ವೈನಿ ಕೈ ಬಿಟ್ಟರು. ಕಾಗದವನ್ನು ನನ್ನಿಂದ ತೆಗೆದುಕೊಂಡು, ಅದರ ಮಡಿಕೆಯಲ್ಲೇ ಮಡಿಚಿದರು. ಅವರ ದನಿ ಏರಲೇ ಇಲ್ಲ.

"ಪದಕ ಬಂದ್ರ ಬಾಗಲದಾಗ ಇಟ್ಟು ಹೋಗು. ಇನ್ನ ಮ್ಯಾಲೆ ನಮ್ಮ ಮನಿ ಕಾಗದ ನೀ ಓದೂದು ಬ್ಯಾಡ."