ಉಸಿರಕ್ಕನ ಮಾವ

ಸ್ಕ್ಯಾನಿಂಗ್ ವಿಭಾಗದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಉಸಿರಕ್ಕ ಎಂದೇ. ಗಾಜಿನಾಚೆ ಕೂತು ಮೈಕಿನಲ್ಲಿ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎನ್ನುತ್ತಲೇ ಅವಳ ಅರ್ಧ ಆಯಸ್ಸು ಕಳೆದಿದೆ. ಎಂಥ ಮೊಂಡ ರೋಗಿಯೂ ಆ ದನಿಗೆ ಬಗ್ಗಲೇಬೇಕು. ಮನೆಯಲ್ಲಿ ಮಾತ್ರ ಮಾವನ ಎದುರು ಅವಳು ದನಿಯೆತ್ತಿದವಳಲ್ಲ. ಮಾವನೋ, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಗೋಡೆಯನ್ನೂ ಮಾತಿಗೆಳೆಯುವ ಬಾಯಿ.

ಆ ಮಾವನ ಕಣ್ಣು ಹಳದಿಗೆ ತಿರುಗಿತು. ಪಿತ್ತನಾಳದಲ್ಲಿ ಕ್ಯಾನ್ಸರ್ ಗಂಟು ಎಂದರು ಡಾಕ್ಟರು. ಪಿತ್ತಜನಕಾಂಗಕ್ಕೆ ಹೋಗುವ ದೊಡ್ಡ ರಕ್ತನಾಳವನ್ನು ಗಂಟು ಸುತ್ತಿಕೊಂಡಿದ್ದರೆ ಕೊಯ್ಯುವಂತಿಲ್ಲ, ಬಿಟ್ಟಿದ್ದರೆ ಬದುಕುವ ದಾರಿಯುಂಟು. ಅದು ತಿಳಿಯಬೇಕಾದರೆ ರಕ್ತಕ್ಕೆ ಔಷಧಿ ಬಿಟ್ಟು, ಅದು ಹರಿಯುತ್ತಿರುವಾಗಲೇ ಚಿತ್ರ ಹಿಡಿಯಬೇಕು. ಮಾವನ ಮೂತ್ರಪಿಂಡಗಳು ಸೊರಗಿದ್ದವು. ಆ ಔಷಧಿ ಅವಕ್ಕೆ ಹೊರೆ; ಚಿತ್ರ ಕೆಟ್ಟರೂ ಎರಡನೇ ಸಲ ಕೊಡಲು ಡಾಕ್ಟರು ಸುತರಾಂ ಒಪ್ಪಿರಲಿಲ್ಲ.

ಪ್ರತಿ ರೋಗಿಗೂ ಉಸಿರಕ್ಕ ಮೊದಲೇ ಉಸಿರು ಹಿಡಿಯುವ ಅಭ್ಯಾಸ ಮಾಡಿಸುತ್ತಾಳೆ. ಅಂದು ಮಾಡಿಸಲಿಲ್ಲ. ಮಾವನಿಗೆ ಸೊಸೆ ಉಸಿರಾಡುವುದನ್ನು ಕಲಿಸುವುದೇ ಎಂಬ ಹಾಳು ಸಂಕೋಚ.

ಔಷಧಿ ಹರಿಯಿತು. "ಉಸಿರು ಹಿಡ್ಕೊಳ್ಳಿ" ಎಂದಳು.

"ಹಿಡ್ಕೊಂಡೆ ಕಣಮ್ಮ! ಸಾಕಾ, ಇನ್ನೂ ಬೇಕಾ?"

ಮೊದಲ ಚಿತ್ರವೆಲ್ಲ ಕಲಸಿಹೋಯಿತು. ಉಳಿದಿದ್ದು ಆ ರಕ್ತನಾಳ ಬೆಳಗುವ ಎರಡನೇ ಚಿತ್ರ, ಅದಕ್ಕೆ ಅರೆ ನಿಮಿಷವೂ ಇಲ್ಲ. "ಗುಂಡಿ ನೀನು ಒತ್ತು" ಎಂದು ಜೊತೆಗಾರ್ತಿಗೆ ಕೂಗಿ, ಕಿರಣ ತಡೆಯುವ ಸೀಸದ ಅಂಗಿ ಹೆಗಲಿಗೇರಿಸಿಕೊಂಡು ಒಳಗೆ ಓಡಿದಳು.

"ಬಾಯಿ ಮುಚ್ಚಿ ಮಾವ! ಯಾಕೆ ಮಾತಾಡಿದ್ರಿ?"

ಮಾವ ಅವಳತ್ತ ಕಣ್ಣು ಹೊರಳಿಸಿದರು. "ನೀನು ಆಚೆ ಇದೀಯೋ ಇಲ್ವೋ ಗೊತ್ತಾಗ್ಲಿಲ್ಲಮ್ಮ. ಭಯ ಆಯ್ತು."

ಅವಳು ಅವರ ಪಾದಗಳನ್ನು ಗಟ್ಟಿಯಾಗಿ ಹಿಡಿದಳು. "ಇಲ್ಲೇ ಇದೀನಿ. ಎಳ್ಕೊಳ್ಳಿ. ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬೇಡಿ."

ಯಂತ್ರ ಗುಂಯ್‌ಗುಟ್ಟಿತು. ಮಂಚ ಸರಿಯಿತು, ಪಾದ ಬಿಡದೆ ಅವಳೂ ಸರಿದಳು. ಸದ್ದು ನಿಂತಿತು. ಗಾಜಿನಾಚೆ ಡಾಕ್ಟರು ಪರದೆಯ ಮೇಲೆ ಬಗ್ಗಿದ್ದರು. ಬಗ್ಗಿಯೇ ಇದ್ದರು. ಏನಾದರೂ ಹೇಳಬಾರದೇ ಈ ಮನುಷ್ಯ ಎಂದು ಅವಳು ಗಾಜನ್ನೇ ದಿಟ್ಟಿಸಿದಳು.

ಕೊನೆಗೆ ಮೈಕು ಗೊರಗುಟ್ಟಿತು. "ಚೆನ್ನಾಗಿ ಬಂದಿದೆ. ಪೂರ್ತಿ ನೋಡಿ ಹೇಳ್ತೀನಿ, ಆದ್ರೆ ಗಂಟು ರಕ್ತನಾಳವನ್ನ ಸುತ್ತಿಲ್ಲ ಕಣಮ್ಮ. ಆಪರೇಷನ್ ಮಾಡಬಹುದು ಅನ್ಸುತ್ತೆ."

ಅವಳು ಮಾವನ ಪಾದಕ್ಕೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಆ ಪಾದ ಅವಳನ್ನು ಒದೆಯತೊಡಗಿತು. ತಲೆಯೆತ್ತಿದರೆ, ಮಾವ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಮೇಲೆ ಮಾಡಿ, ಕೆಂಪಗೆ ಮಲಗಿದ್ದಾರೆ!

"ಅಯ್ಯೋ, ಬಿಡಿ ಮಾವ, ಉಸಿರು ಬಿಡಿ!"

ಬುಸ್ಸೆಂದು ಬಿಟ್ಟರು. ಎರಡು ಸಲ ಏದುಸಿರೆಳೆದರು.

"ನೀನು ಇನ್ನೊಂಚೂರು ಅತ್ತಿದ್ರೆ" ಎಂದರು ಮಾವ, "ಆಪರೇಷನ್ನೇ ಬೇಕಾಗ್ತಿರ್ಲಿಲ್ಲ ಕಣಮ್ಮ."